'ವರ್ಕ್' ಎಂಬ ಶಬ್ದವೂ ಅದರ ಸಮಾನಾರ್ಥಕಗಳೂ : ಒಂದು ವಿವೇಚನೆ

ಒಂದು ಭಾಷೆಯಲ್ಲಿ ಸಂಪೂರ್ಣವಾಗಿ ಸಮಾನಾರ್ಥಕವಾದ ಎರಡು ಶಬ್ದಗಳು ಬಹುಕಾಲ ಬಾಳಲಾರವು. ಒಂದೇ ಅರ್ಥವನ್ನು ಹೊತ್ತು ಬಂದ ಎರಡು ಪದಗಳಲ್ಲಿ ಒಂದು ಬಳಕೆ ತಪ್ಪಿ ಹೋಗುತ್ತದೆ, ಇಲ್ಲವೆ ಅವೆರಡೂ ಅರ್ಥವನ್ನು ಹಂಚಿಕೊಂಡು ಬೇರೆ ಬೇರೆ ಮನೆ ಮಾಡುತ್ತವೆ. ಹೀಗೆ ಪಾಲಾದ ಮನೆಗಳ ಗಡಿಗಳನ್ನು ಹುಡುಕಿ ಗುರುತಿಸುವುದು ಶಬ್ದವಿಮರ್ಶೆಯ ಕೆಲಸ. ಆ ಗಡಿಗಳು ಎಲ್ಲಿ ಬಿದ್ದಿವೆ, ಯಾರ ಅನುಕೂಲಕ್ಕಾಗಿ ಬಿದ್ದಿವೆ ಎಂಬುದನ್ನು ನೋಡಿದರೆ ಆ ಭಾಷೆಯನ್ನಾಡುವ ಸಮಾಜವು ಯಾವುದಕ್ಕೆ ಬೆಲೆ ಕೊಟ್ಟಿತು, ಯಾವುದನ್ನು ಕಡೆಗಣಿಸಿತು ಎಂಬುದು ತಿಳಿದುಬರುತ್ತದೆ. ಇಂಗ್ಲಿಷಿನ 'ವರ್ಕ್' ಎಂಬ ಶಬ್ದ ಇದಕ್ಕೆ ಒಂದು ಉತ್ತಮ ನಿದರ್ಶನ. ನಮ್ಮ ಶಾಲೆಯ ಮಗು ಇಂಗ್ಲಿಷ್ ಕಲಿಯತೊಡಗಿದ ಮೊದಲ ದಿನಗಳಲ್ಲಿಯೇ ಈ ಪದವನ್ನು 'ಕೆಲಸ' ಎಂಬ ಅರ್ಥದೊಡನೆ ಬಾಯಿಪಾಠ ಮಾಡುತ್ತದೆ. ಅಷ್ಟು ಸುಲಭವಾಗಿ ಕೈಗೆ ಬಂದ ಪದವಾದ್ದರಿಂದಲೇ ಅದರ ಒಳಗನ್ನು ಮತ್ತೆ ತೆರೆದು ನೋಡುವವರು ವಿರಳ.

ಇಂಗ್ಲಿಷ್ ಕೋಶಕಾರರು ಈ ಕಡೆ ಗಮನ ಹರಿಸದೆ ಇಲ್ಲ. ಸ್ಯಾಮ್ಯುಯೆಲ್ ಜಾನ್ಸನ್ನನ ಮಹಾಕೋಶ 1755ರಲ್ಲಿ ಹೊರಬಂದಿತು. ಹೆಸ್ಟರ್ ಪಿಯೋಜಿ ಎಂಬ ವಿದುಷಿ 1794ರಲ್ಲಿಯೂ ಜಾರ್ಜ್ ಕ್ರ್ಯಾಬ್ 1816ರಲ್ಲಿಯೂ ಸಮಾನಾರ್ಥಕ ಪದಗಳ ನಡುವಣ ವ್ಯತ್ಯಾಸಗಳನ್ನು ತಿಳಿಸುವುದಕ್ಕಾಗಿಯೇ ಗ್ರಂಥಗಳನ್ನು ರಚಿಸಿದರು. 1852ರಲ್ಲಿ ಪ್ರಕಟವಾದ ಪೀಟರ್ ಮಾರ್ಕ್ ರೋಜೆಯ 'ಥಿಸಾರಸ್' ಮಾತ್ರ ಬೇರೊಂದು ದಾರಿ ಹಿಡಿಯಿತು. ಅದು ಪದಗಳನ್ನು ಭಾವದ ಅನುಸಾರ ಗುಂಪುಗೂಡಿಸಿ ಬರೆಹಗಾರನ ಮುಂದೆ ರಾಶಿ ಹಾಕಿತು. ಈ ಕ್ರಮ ಉಪಕಾರಿಯಾದುದೇನೋ ನಿಜ. ಆದರೆ ಒಂದರ ಪಕ್ಕದಲ್ಲಿ ಒಂದು ಕುಳಿತ ಪದಗಳೆಲ್ಲ ಒಂದೇ ತೂಕದವು ಎಂಬ ಭ್ರಮೆಯನ್ನೂ ಅದು ಹುಟ್ಟಿಸುತ್ತದೆ. ಆ ಭ್ರಮೆ ನೀಗಬೇಕಾದರೆ ಪ್ರತಿಯೊಂದು ಪದದ ಹುಟ್ಟನ್ನೂ ಬೆಳೆವಣಿಗೆಯನ್ನೂ ನೋಡಬೇಕು.

'ವರ್ಕ್' ಅಚ್ಚ ಇಂಗ್ಲಿಷ್ ಪದ. ಪ್ರಾಚೀನ ಇಂಗ್ಲಿಷಿನಲ್ಲಿ ಇದರ ರೂಪ 'ವೆಓರ್ಕ್'. ಗ್ರೀಕಿನ 'ಎರ್ಗೋನ್' ಇದರ ದಾಯಾದಿ. 'ಎನರ್ಜಿ' ಎಂಬ ಪದ ಆ ಗ್ರೀಕ್ ಮೂಲದಿಂದ ಬಂದುದು. 'ಸರ್ಜರಿ' ಎಂದರೆ ಮೂಲದಲ್ಲಿ ಕೈಯ ಕೆಲಸ. ಕ್ರೈಸ್ತ ದೇವಾಲಯಗಳ ಪೂಜಾವಿಧಿಗೆ ಸಲ್ಲುವ 'ಲಿಟರ್ಜಿ' ಎಂದರೆ ಜನಸಮುದಾಯಕ್ಕಾಗಿ ಮಾಡಿದ ಕೆಲಸ. 'ಜಾರ್ಜ್' ಎಂಬ ರಾಜಮನೆತನದ ಹೆಸರಿಗೆ ಮೂಲಾರ್ಥ ಮಣ್ಣಿನಲ್ಲಿ ದುಡಿಯುವವನು, ಒಕ್ಕಲಿಗ. ಈ ಕುಲದ ಪದಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಒಂದು ಲಕ್ಷಣ ಎದ್ದು ಕಾಣುತ್ತದೆ. ಶಕ್ತಿ, ಕೈ, ಮಣ್ಣು, ಜನ, ಇವು ಇಲ್ಲಿಯ ಒಡನಾಡಿಗಳು. ಕೂಲಿಯ ಮಾತಾಗಲಿ ನೋವಿನ ಮಾತಾಗಲಿ ಇಲ್ಲಿ ಇಲ್ಲ. ಮಾಡುವುದು, ಮಾಡಿ ಮುಗಿಸಿದುದು, ಈ ಎರಡಕ್ಕೂ 'ವರ್ಕ್' ಒಂದೇ ಹೆಸರು. ಒಬ್ಬ ಕವಿಯ ಸಮಗ್ರ ಕೃತಿಗಳನ್ನು ಆತನ 'ವರ್ಕ್ಸ್' ಎನ್ನುವುದು ಇದರಿಂದಲೇ. 1611ರ ಇಂಗ್ಲಿಷ್ ಬೈಬಲಿನ ಸೃಷ್ಟಿಪ್ರಕರಣದಲ್ಲಿ ದೇವರು ಮಾಡಿ ಮುಗಿಸಿದುದಕ್ಕೂ ಇದೇ ಪದ.

'ಲೇಬರ್' ಹೊರಗಿನಿಂದ ಬಂದುದು. ಲ್ಯಾಟಿನ್ನಿನಲ್ಲಿ ಹುಟ್ಟಿ ಫ್ರೆಂಚಿನ ಮೂಲಕ ಮಧ್ಯಯುಗದಲ್ಲಿ ಇಂಗ್ಲಿಷನ್ನು ಪ್ರವೇಶಿಸಿದ ಈ ಪದದಲ್ಲಿ ಆಯಾಸದ ಭಾವ ಮೊದಲಿನಿಂದಲೂ ಇದೆ. ಪ್ರಸವವೇದನೆಗೆ 'ಲೇಬರ್' ಎಂಬ ಹೆಸರು 16ನೆಯ ಶತಮಾನದ ಹೊತ್ತಿಗೆ ಸಲ್ಲತೊಡಗಿದುದು ಈ ಹಿನ್ನೆಲೆಯಲ್ಲಿ ಸಹಜವಾಗಿದೆ. ಮುಂದೆ ಕೈಗಾರಿಕೆಯ ಯುಗದಲ್ಲಿ ಅದು ದುಡಿಯುವ ಜನವರ್ಗದ ಹೆಸರೇ ಆಯಿತು; ಬ್ರಿಟನ್ನಿನಲ್ಲಿ 1900ರಲ್ಲಿ ಸ್ಥಾಪಿತವಾದ ಶ್ರಮಿಕರ ಪ್ರಾತಿನಿಧ್ಯ ಸಮಿತಿ 1906ರಲ್ಲಿ 'ಲೇಬರ್ ಪಾರ್ಟಿ' ಎಂಬ ಹೆಸರನ್ನು ತಳೆಯಿತು. ನೋವಿನ ಪದವೊಂದು ಹಕ್ಕಿನ ಪದವಾಗಿ ಮೇಲೇರಿದ ಅಪರೂಪದ ಪ್ರಸಂಗವಿದು. ಆದರೂ 'ವರ್ಕ್'ಗೆ ಇರುವ ಒಂದು ಘನತೆ ಇದಕ್ಕೆ ದೊರೆಯಲಿಲ್ಲ. ಮುಗಿದ ಕೃತಿಯನ್ನು ಯಾರೂ 'ಲೇಬರ್' ಎನ್ನುವುದಿಲ್ಲ. ಬೆವರಿಗೆ ಆ ಹೆಸರುಂಟು, ಬೆವರಿನ ಫಲಕ್ಕಿಲ್ಲ.

ಇನ್ನುಳಿದ ನಂಟರ ಕಥೆ ಮತ್ತಷ್ಟು ಕಠಿನವಾದುದು. 'ಟಾಯ್ಲ್' ಎಂಬುದರ ಹಿಂದೆ ಆಲಿವ್ ಕಾಯಿಗಳನ್ನು ಜಜ್ಜುವ ಗಾಣದ ಲ್ಯಾಟಿನ್ ಹೆಸರಿದೆ. ಜಜ್ಜು, ಕಲಕು, ಕಾದಾಡು ಎಂಬ ಅರ್ಥಗಳನ್ನು ದಾಟಿ ಅದು ಎಡೆಬಿಡದ ದುಡಿತವೆಂಬ ಅರ್ಥಕ್ಕೆ ಬಂದು ನಿಂತಿತು. 'ಟ್ರಾವೇಲ್' ಮೂರು ಗೂಟಗಳ ಒಂದು ಹಿಂಸಾಯಂತ್ರದ ಹೆಸರಿನಿಂದ ಬಂದುದೆಂದು ವಿದ್ವಾಂಸರು ಹೇಳುತ್ತಾರೆ. ಪ್ರಯಾಣವೆಂಬರ್ಥದ 'ಟ್ರಾವೆಲ್' ಅದರದೇ ಇನ್ನೊಂದು ರೂಪ. 'ಟಾಸ್ಕ್' ಮತ್ತು ತೆರಿಗೆಯೆಂಬರ್ಥದ 'ಟ್ಯಾಕ್ಸ್' ಒಂದೇ ಬೇರಿನ ಎರಡು ಕವಲುಗಳು. ಮೇಲಿನವನು ವಿಧಿಸಿದುದನ್ನು ಕೆಳಗಿನವನು ಸಲ್ಲಿಸಬೇಕು ಎಂಬುದು ಎರಡಕ್ಕೂ ಸಮಾನ. 'ಚೋರ್' ಎಂಬ ಪದ ಸರದಿ ಎಂಬರ್ಥದ ಹಳೆಯ ಇಂಗ್ಲಿಷ್ ಪದದಿಂದ ಬಂದು, ಇಂದು ಮಾಡಿದಷ್ಟೂ ನಾಳೆ ಮತ್ತೆ ಬಂದು ನಿಲ್ಲುವ ಮನೆವಾರ್ತೆಯ ಕೆಲಸಗಳಿಗೆ ಸಲ್ಲುತ್ತದೆ. ಹೀಗೆ ಕೆಲಸದ ನೋವು ಒಂದು ಪದಕ್ಕೆ, ಒತ್ತಾಯ ಇನ್ನೊಂದಕ್ಕೆ, ಪುನರಾವೃತ್ತಿ ಮತ್ತೊಂದಕ್ಕೆ ಪಾಲಾಗಿ ಹೋದುವು. 'ವರ್ಕ್' ಮಾತ್ರ ಗೌರವದ ಪಾಲನ್ನು ತನ್ನಲ್ಲಿ ಉಳಿಸಿಕೊಂಡಿತು.

ಈ ಪಾಲುಪಟ್ಟಿಯನ್ನು ತತ್ತ್ವಶಾಸ್ತ್ರದ ಆಧಾರವಾಗಿಸಿಕೊಂಡವರು ಹ್ಯಾನಾ ಅರೆಂಟ್. ಹದಿನೇಳನೆಯ ಶತಮಾನದಲ್ಲಿ ಜಾನ್ ಲಾಕ್ ದೇಹಕ್ಕೆ 'ಲೇಬರ್' ಎಂದೂ ಕೈಗಳಿಗೆ 'ವರ್ಕ್' ಎಂದೂ ಬೇರೆ ಬೇರೆ ಪದಗಳನ್ನು ಬಳಸಿದ್ದುದನ್ನು ಆಧರಿಸಿ, 1958ರಲ್ಲಿ ಪ್ರಕಟವಾದ 'ದಿ ಹ್ಯೂಮನ್ ಕಂಡಿಶನ್' ಗ್ರಂಥದಲ್ಲಿ ಅವರು ಈ ಭೇದವನ್ನು ವಿಸ್ತರಿಸಿದರು. ಜೀವಧಾರಣೆಗಾಗಿ ದಿನದಿನವೂ ನಡೆದು, ನಡೆದ ಕೂಡಲೆ ಉಪಭೋಗದಲ್ಲಿ ಕರಗಿಹೋಗುವುದು 'ಲೇಬರ್'. ಬಾಳಿಕೆ ಬರುವ ವಸ್ತುಗಳನ್ನು ನಿರ್ಮಿಸಿ ಮನುಷ್ಯನಿಗೊಂದು ಸ್ಥಿರವಾದ ಲೋಕವನ್ನು ಕಟ್ಟಿಕೊಡುವುದು 'ವರ್ಕ್', ಎಂಬುದು ಅವರ ಪ್ರತಿಪಾದನೆಯ ಸಾರ. ಗ್ರೀಕ್, ಲ್ಯಾಟಿನ್, ಜರ್ಮನ್, ಫ್ರೆಂಚ್ ಭಾಷೆಗಳಲ್ಲಿಯೂ ಇಂಥ ಜೋಡಿಪದಗಳಿರುವುದನ್ನು ಅವರು ತೋರಿಸಿಕೊಟ್ಟರು. ವಿಚಾರ ಸೂಕ್ಷ್ಮವಾದುದು, ಸಂದೇಹವಿಲ್ಲ. ಆದರೆ ಬಾಳಿಕೆಯನ್ನೇ ಮಾನದಂಡವಾಗಿಟ್ಟುಕೊಂಡರೆ ಬಡಗಿಯ ಮೇಜು ಮೇಲಾಗುತ್ತದೆ, ಆ ಮೇಜಿನ ಮೇಲೆ ಬಡಿಸಿದ ಅನ್ನ ಕೀಳಾಗುತ್ತದೆ. ಅನ್ನ ಉಂಡು ಕರಗಿತೆಂಬುದು ನಿಜ; ಉಂಡವನು ಉಳಿದನೆಂಬುದೂ ಅಷ್ಟೇ ನಿಜ. ಅರೆಂಟ್ ಅವರ ಭೇದಕಲ್ಪನೆಯಲ್ಲಿ ಈ ಎರಡನೆಯ ಸತ್ಯಕ್ಕೆ ದೊರೆಯಬೇಕಾದ ಸ್ಥಾನ ದೊರೆತಿಲ್ಲ.

ಇನ್ನು ಜೀವನೋಪಾಯದ ಪದಗಳು. 'ಜಾಬ್' ಎಂಬುದರ ಮೂಲ ತನಗೆ ತಿಳಿಯದೆಂದು ಒಪ್ಪಿಕೊಂಡ ಜಾನ್ಸನ್ ಅದನ್ನು ಕೀಳುಪದಗಳ ಸಾಲಿಗೆ ಸೇರಿಸಿದ್ದನು. ಅಂದು ಅದಕ್ಕೆ ಚಿಲ್ಲರೆ ಕೆಲಸವೆಂಬ ಅರ್ಥ. ಸಾರ್ವಜನಿಕ ಅಧಿಕಾರವನ್ನು ಸ್ವಂತ ಲಾಭಕ್ಕೆ ಬಳಸುವುದನ್ನು 'ಜಾಬರಿ' ಎನ್ನುತ್ತಿದ್ದುದೂ ಉಂಟು. ಇಂದು ಅದೇ ಪದ ವಿದ್ಯಾವಂತ ತರುಣರ ಪರಮ ಗುರಿಯ ಹೆಸರಾಗಿದೆ. 'ಪ್ರೊಫೆಷನ್' ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆಯಿತು. ಸನ್ಯಾಸಿಯು ಸಂಘವನ್ನು ಸೇರುವಾಗ ಬಹಿರಂಗವಾಗಿ ಕೈಕೊಳ್ಳುತ್ತಿದ್ದ ವ್ರತವಚನದ ಹೆಸರು ವಕೀಲ ವೈದ್ಯರ ವೃತ್ತಿಯ ಹೆಸರಾಯಿತು. 'ವೊಕೇಶನ್' ಮತ್ತು 'ಕಾಲಿಂಗ್' ಎರಡಕ್ಕೂ ಮೂಲಾರ್ಥ ಕರೆ. ದೇವರ ಕರೆಯೆಂಬ ಭಾವವನ್ನು ಲೌಕಿಕ ವೃತ್ತಿಗೂ ಹೊಂದಿಸಿದ 'ಬೆರೂಫ್' ಎಂಬ ಜರ್ಮನ್ ಪದಕ್ಕೆ ಲೂಥರನ ಬೈಬಲ್ ಅನುವಾದ ಹೇಗೆ ಕಾರಣವಾಯಿತೆಂಬುದನ್ನು ಮ್ಯಾಕ್ಸ್ ವೇಬರ್ 1904-05ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಚರ್ಚಿಸಿದ್ದಾರೆ. 'ಕೆರಿಯರ್' ಎಂದರೆ ಗಾಡಿ ಓಡುವ ದಾರಿ, ಪಂದ್ಯದ ಓಟ. ಕರೆಗೆ ಓಗೊಡುವುದಕ್ಕೂ ಪಂದ್ಯದಲ್ಲಿ ಓಡುವುದಕ್ಕೂ ಇರುವ ಅಂತರ ದೊಡ್ಡದು. ಇಂದಿನ ಜಾಹೀರಾತುಗಳಲ್ಲಿ ಮಾತ್ರ ಇವೆರಡೂ ಒಂದರ ಬದಲಿಗೆ ಒಂದಾಗಿ ನಿರಾತಂಕವಾಗಿ ಬರುತ್ತಿವೆ.

ಇಷ್ಟು ದಾಯಾದಿಗಳ ನಡುವೆಯೂ 'ವರ್ಕ್' ಶತಮಾನಗಳವರೆಗೆ ವಿಶಾಲವಾಗಿಯೇ ಇತ್ತು. ಅದು ಕುಗ್ಗಿದುದು ಕೈಗಾರಿಕೆಯ ಕಾಲದಲ್ಲಿ. ಮನೆ ಬೇರೆ, ಕೆಲಸದ ಸ್ಥಳ ಬೇರೆ, ದುಡಿಯುವ ಗಂಟೆ ಬೇರೆ, ಉಳಿದ ಗಂಟೆ ಬೇರೆ ಎಂದಾದಮೇಲೆ, ಸಂಬಳ ತರುವುದಷ್ಟೇ 'ವರ್ಕ್' ಎಂಬ ಅರ್ಥ ಬಲಿಯಿತು. ಕೆಲಸಕ್ಕೆ ಹೋಗುವುದು, ಕೆಲಸದಿಂದ ಬರುವುದು, ಕೆಲಸವಿಲ್ಲದಿರುವುದು ಎಂಬ ನುಡಿಗಟ್ಟುಗಳೆಲ್ಲ ಈ ಸಂಕುಚಿತಾರ್ಥವನ್ನು ಆಧರಿಸಿದುವು. ಮಕ್ಕಳನ್ನು ಸಾಕಿ ಮನೆಯನ್ನು ನಡೆಸುವ ಹೆಂಗಸು 'ವರ್ಕ್' ಮಾಡುತ್ತಾಳೆಯೆ ಎಂದು ಕೇಳಿದರೆ ಇಲ್ಲ ಎಂಬ ಉತ್ತರ ಇಂಗ್ಲಿಷಿನಲ್ಲಿ ಸಹಜವಾಯಿತು. ರೇಮಂಡ್ ವಿಲಿಯಮ್ಸ್ 1976ರಲ್ಲಿ ಪ್ರಕಟಿಸಿದ 'ಕೀವರ್ಡ್ಸ್' ಎಂಬ ಕೃತಿಯಲ್ಲಿ ಈ ಅರ್ಥಸಂಕೋಚವನ್ನು ಎತ್ತಿ ತೋರಿಸಿದ್ದಾರೆ.

ಸರಕಾರದ ದಾಖಲೆಗಳು ಇದನ್ನೇ ಅಂಕಿಗಳಲ್ಲಿ ಅಚ್ಚೊತ್ತಿದುವು. 1851ರ ಇಂಗ್ಲೆಂಡಿನ ಜನಗಣತಿ ಗೃಹಿಣಿಯರಿಗೆ ವೃತ್ತಿಗಳ ವರ್ಗೀಕರಣದಲ್ಲಿಯೇ ಒಂದು ಸ್ಥಾನವನ್ನು ಕೊಟ್ಟಿತ್ತು. 1881ರ ಗಣತಿಯಲ್ಲಿ ಅವರು ವೃತ್ತಿಯಿಲ್ಲದವರ ಸಾಲಿಗೆ ಸರಿದರು. ಮೂವತ್ತು ವರ್ಷಗಳಲ್ಲಿ ಇಂಗ್ಲೆಂಡಿನ ಹೆಂಗಸರು ಒಲೆ ಹಚ್ಚುವುದನ್ನಾಗಲಿ ಮಕ್ಕಳಿಗೆ ಉಣಿಸುವುದನ್ನಾಗಲಿ ಬಿಟ್ಟಿರಲಿಲ್ಲ. ಬದಲಾದುದು ಶಬ್ದದ ವ್ಯಾಪ್ತಿ ಮಾತ್ರ. ಇದಕ್ಕೆ ಮುಂಚೆ 1776ರಲ್ಲಿ ಆಡಂ ಸ್ಮಿತ್ ಶ್ರಮವನ್ನು ಉತ್ಪಾದಕ, ಅನುತ್ಪಾದಕ ಎಂದು ಎರಡಾಗಿ ವಿಂಗಡಿಸಿದ್ದನು. ಆತನ ತಕ್ಕಡಿ ನಿಷ್ಪಕ್ಷಪಾತವಾದುದು ಎನ್ನಬೇಕು. ಮನೆಯ ಆಳಿನೊಡನೆ ಅರಸನನ್ನೂ ಸೈನಿಕನನ್ನೂ ಪುರೋಹಿತನನ್ನೂ ಸಾಹಿತಿಯನ್ನೂ ಆತನು ಅನುತ್ಪಾದಕರ ಪಟ್ಟಿಯಲ್ಲಿಯೇ ಕೂರಿಸಿದನು. ಆದರೆ ಕಾಲಕ್ರಮದಲ್ಲಿ ಅರಸನ ಗೌರವಕ್ಕೆ ಕುಂದು ಬರಲಿಲ್ಲ, ಆಳಿನ ಗೌರವ ಹೆಚ್ಚಲಿಲ್ಲ. ಭೌತಶಾಸ್ತ್ರವೂ ಈ ಪದಕ್ಕೆ ತನ್ನದೊಂದು ಅರ್ಥವನ್ನು ನಿಗದಿಪಡಿಸಿತು. ಫ್ರಾನ್ಸಿನ ಕೊರಿಯೊಲಿಸ್ 1829ರಲ್ಲಿ ಬಲ ಮತ್ತು ಚಲನದೂರಗಳ ಗುಣಲಬ್ಧಕ್ಕೆ ಕೆಲಸವೆಂಬ ಹೆಸರಿಟ್ಟನು. ಈ ಲೆಕ್ಕದಲ್ಲಿ ಅಳುವ ಕೂಸನ್ನು ರಾತ್ರಿಯೆಲ್ಲ ಎತ್ತಿಕೊಂಡು ನಿಂತ ತಾಯಿ ಮಾಡಿದ ಕೆಲಸ ಶೂನ್ಯ. ಯಂತ್ರವನ್ನು ಅಳೆಯಲು ಈ ಅರ್ಥ ಅತ್ಯಂತ ಸಮರ್ಪಕವಾದುದು. ಮನುಷ್ಯರನ್ನೂ ಯಂತ್ರದ ಮಾನದಿಂದ ಅಳೆಯುವುದು ಮಾತ್ರ ಅಪಾಯಕರ.

ಈ ಸಂಕೋಚವನ್ನು ಪ್ರತಿಭಟಿಸಿದವರೂ ಆ ಶತಮಾನದಲ್ಲಿಯೇ ಇದ್ದರು. ಥಾಮಸ್ ಕಾರ್ಲೈಲ್ 1843ರ 'ಪಾಸ್ಟ್ ಅಂಡ್ ಪ್ರೆಸೆಂಟ್' ಗ್ರಂಥದಲ್ಲಿ ದುಡಿಮೆಯೇ ಪ್ರಾರ್ಥನೆ ಎಂಬ ಕ್ರೈಸ್ತ ಸನ್ಯಾಸಿಗಳ ಲ್ಯಾಟಿನ್ ನಾಣ್ನುಡಿಯನ್ನು ಎತ್ತಿಕೊಂಡು, ಅದಕ್ಕೆ ಇಂಗ್ಲಿಷಿನಲ್ಲಿ 'ವರ್ಕ್' ಮತ್ತು 'ವರ್ಷಿಪ್' ಎಂಬ ಎರಡು ಪದಗಳನ್ನು ಸಮೀಕರಿಸಿದ ರೂಪವನ್ನು ಕೊಟ್ಟನು. ವಿಲಿಯಂ ಮಾರಿಸ್ 1884ರ ಒಂದು ಉಪನ್ಯಾಸದಲ್ಲಿ 'ವರ್ಕ್' ಮತ್ತು 'ಟಾಯ್ಲ್'ಗಳನ್ನು ಎದುರುಬದುರಾಗಿ ನಿಲ್ಲಿಸಿದನು. ಮುಂದೆ ವಿಶ್ರಾಂತಿಯುಂಟೆಂಬ ಆಸೆ, ಫಲವುಂಟೆಂಬ ಆಸೆ, ಮಾಡುವುದರಲ್ಲಿಯೇ ಸಂತೋಷವುಂಟೆಂಬ ಆಸೆ, ಈ ಮೂರೂ ಇದ್ದರೆ ಅದು ಮಾಡತಕ್ಕ ಕೆಲಸ, ಇಲ್ಲದಿದ್ದರೆ ಬರಿಯ ಬವಣೆ ಎಂದು ಆತನ ಅಭಿಪ್ರಾಯ. ಇಬ್ಬರಲ್ಲಿ ಮಾರಿಸನ ವಿವೇಕ ಹೆಚ್ಚಿನದು. ಕಾರ್ಲೈಲ್ ಕೆಲಸವನ್ನು ಸ್ತುತಿಸುವ ಆವೇಶದಲ್ಲಿ ಆ ಕೆಲಸ ಎಂಥದು, ಯಾರಿಗಾಗಿ, ಯಾವ ಸ್ಥಿತಿಯಲ್ಲಿ ಎಂಬ ಪ್ರಶ್ನೆಗಳನ್ನು ಹಿಂದಕ್ಕೆ ತಳ್ಳಿದನು. ಸ್ತುತಿಯೊಂದರಿಂದಲೇ ಗಾಣದ ಎತ್ತಿನ ಹೊರೆ ಇಳಿಯುವುದಿಲ್ಲ.

ಈ ಸಮೀಕರಣಕ್ಕೂ ಕನ್ನಡಕ್ಕೂ ಒಂದು ಸಂಬಂಧವಿದೆ. ಶರಣರು ಕಾಯಕವನ್ನು ಕೈಲಾಸಕ್ಕೆ ಸಮಗಟ್ಟಿದ ಮಾತನ್ನು ಇಂಗ್ಲಿಷಿನಲ್ಲಿ ಹೇಳುವಾಗ ವೇದಿಕೆಗಳಲ್ಲಿಯೂ ಕಟ್ಟಡಗಳ ಗೋಡೆಗಳ ಮೇಲೂ ಸಾಮಾನ್ಯವಾಗಿ ಬರುವುದು ಈ 'ವರ್ಕ್', 'ವರ್ಷಿಪ್'ಗಳ ಜೋಡಿಯೇ. ಅದು ವಚನದ ಅನುವಾದವೆಂದು ಹಲವರು ಭಾವಿಸಿದ್ದಾರೆ. ವಾಸ್ತವವಾಗಿ ಅದು ಕಾರ್ಲೈಲನ ಅಚ್ಚಿನಿಂದ ಬಂದ ನಾಣ್ಯ. ಅದರಿಂದ ಅರ್ಥಕ್ಕೆ ಎಷ್ಟು ಲೋಪ ಬಂದಿದೆಯೆಂಬುದನ್ನು ವಿಮರ್ಶಕನು ಎಣಿಸಬೇಕು. 'ವರ್ಕ್'ಗೆ ಮೇಲ್ಮಿತಿಯಿಲ್ಲ; ಹೆಚ್ಚು ಮಾಡಿದಷ್ಟೂ ಹೆಚ್ಚು ಪುಣ್ಯ ಎಂದು ಕಾರ್ಖಾನೆಯ ಒಡೆಯನೂ ಅದನ್ನು ಗೋಡೆಗೆ ತೂಗಹಾಕಬಹುದು. ಕಾಯಕಕ್ಕಾದರೋ ದಾಸೋಹ ಒಂದು ಮೇರೆ, ಅಂದಂದಿನ ಅಗತ್ಯ ಇನ್ನೊಂದು ಮೇರೆ. ಗಂಡ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದ ಲಕ್ಕಮ್ಮನ ಪ್ರಸಂಗ ಸರ್ವವಿದಿತವಾದುದು. ಆ ಪ್ರಸಂಗದ ಕಾಯಕವನ್ನು 'ವರ್ಕ್' ಎಂದು ಅನುವಾದಿಸಿದರೆ ಲಕ್ಕಮ್ಮನ ನಡತೆ ಅರ್ಥವಾಗುವುದೇ ಇಲ್ಲ.

ಎರಡನೆಯ ಲೋಪ ಇದಕ್ಕಿಂತ ಗಂಭೀರವಾದುದು. ಕೊಟ್ಟಣದ ಸೋಮವ್ವೆಯ ಕಾಯಕ ಧಾನ್ಯ ಕುಟ್ಟುವುದು. ಸತ್ಯಕ್ಕನದು ಶರಣರ ಮನೆಯಂಗಳ ಗುಡಿಸುವುದು. ಕದಿರ ರೆಮ್ಮವ್ವೆಯದು ನೂಲುವುದು. ಕುಟ್ಟುವುದು, ಗುಡಿಸುವುದು, ನೂಲುವುದು, ಇವು ಇಂಗ್ಲಿಷಿನಲ್ಲಿ 'ಚೋರ್' ಎಂಬ ಪಾಲಿಗೆ ಬಿದ್ದ ಕೆಲಸಗಳು. ಹನ್ನೆರಡನೆಯ ಶತಮಾನದ ಕನ್ನಡದಲ್ಲಿ ಅವು ವ್ಯಕ್ತಿಯ ಹೆಸರಿನೊಡನೆ ಕೂಡಿ ನಿಲ್ಲುವಷ್ಟು ಮಾನ್ಯವಾದುವು. ಆದುದರಿಂದ ಅನುವಾದಕನು 'ಕಾಯಕ'ವನ್ನು ಹಾಗೆಯೇ ಇಟ್ಟುಕೊಂಡು ವಿವರಿಸುವುದು ಮೇಲು.

ಹಾಗೆಂದು ಕನ್ನಡಿಗರು ಹಿಗ್ಗಿ ಕೂರುವಂತೆಯೂ ಇಲ್ಲ. ಇದೇ ಬಗೆಯ ಅನ್ಯಾಯ ಕನ್ನಡದ ಪದಗಳಲ್ಲಿಯೂ ನಡೆದಿದೆ. 'ಬಿಟ್ಟಿ' ಎಂಬ ಪದ ಸಂಸ್ಕೃತದ 'ವಿಷ್ಟಿ'ಯ ತದ್ಭವ. ಕೂಲಿಯಿಲ್ಲದೆ ಬಲವಂತದಿಂದ ಮಾಡಿಸಿಕೊಂಡ ದುಡಿಮೆ ಎಂಬುದು ಅದರ ಅರ್ಥ. ಇಂದು ಬಿಟ್ಟಿಯೆಂದರೆ ಬೆಲೆ ಕೊಡದೆ ಸಿಕ್ಕಿದ್ದು. ದುಡಿದವನ ಬವಣೆಯನ್ನು ಹೇಳಬೇಕಾಗಿದ್ದ ಪದ ಪಡೆದವನ ಲಾಭವನ್ನು ಹೇಳುವ ಪದವಾಯಿತು. ಹೆಂಡತಿಯ ಬಗೆಗೆ 'ಕೆಲಸದಲ್ಲಿ ಇಲ್ಲ, ಮನೆಯಲ್ಲೇ ಇದ್ದಾಳೆ' ಎಂಬ ಮಾತು ಇಂದು ಕನ್ನಡದಲ್ಲಿಯೂ ರೂಢಿ. ಇಂಗ್ಲಿಷಿನ ಸಂಕುಚಿತಾರ್ಥ ಕನ್ನಡದ 'ಕೆಲಸ'ದೊಳಕ್ಕೂ ನುಸುಳಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇದು ಪಂಡಿತರ ಚರ್ಚೆಗಷ್ಟೇ ಮೀಸಲಾದ ವಿಷಯವಲ್ಲ. 2001ರ ಭಾರತದ ಜನಗಣತಿ ಗೃಹಿಣಿಯರನ್ನು ಭಿಕ್ಷುಕರು, ಕೈದಿಗಳು ಮೊದಲಾದವರೊಡನೆ ದುಡಿಯದವರ ವರ್ಗಕ್ಕೆ ಸೇರಿಸಿತ್ತು. ಅಪಘಾತದಲ್ಲಿ ಮಡಿದ ಗೃಹಿಣಿಯೊಬ್ಬರ ಕುಟುಂಬಕ್ಕೆ ಸಲ್ಲಬೇಕಾದ ಪರಿಹಾರದ ಪ್ರಶ್ನೆ ಬಂದಾಗ, 2010ರಲ್ಲಿ ಸರ್ವೋಚ್ಚ ನ್ಯಾಯಾಲಯ ಈ ವರ್ಗೀಕರಣವನ್ನು ತೀವ್ರವಾಗಿ ಆಕ್ಷೇಪಿಸಿತು. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷಗಳನ್ನೂ ಅದರಲ್ಲಿ ತೊಡಗಿದ ಗಂಡಸರು 88 ನಿಮಿಷಗಳನ್ನೂ ಅದಕ್ಕೆ ವ್ಯಯಿಸುತ್ತಾರೆ. ಸುಮಾರು ಐದು ಗಂಟೆಗಳ ಈ ದಿನನಿತ್ಯದ ದುಡಿಮೆಗೆ ಕೆಲಸವೆಂಬ ಹೆಸರು ಸಲ್ಲದಿದ್ದರೆ, ಅದನ್ನು ಮಾಡಿದವಳಿಗೆ ಪರಿಹಾರ ಕೇಳುವ ಹಕ್ಕೂ ಸಲ್ಲದೆ ಹೋದೀತು. ಶಬ್ದಾರ್ಥದ ಗಡಿ ಇಲ್ಲಿ ನ್ಯಾಯದ ಗಡಿಯಾಗಿದೆ.

ಸಮಾಧಾನದ ಸಂಗತಿಯೊಂದಿದೆ. 2013ರಲ್ಲಿ ಜಿನೀವಾದಲ್ಲಿ ಸೇರಿದ ಅಂತರರಾಷ್ಟ್ರೀಯ ಶ್ರಮ ಸಂಖ್ಯಾಶಾಸ್ತ್ರಜ್ಞರ 19ನೆಯ ಸಮ್ಮೇಳನ 'ವರ್ಕ್' ಮತ್ತು 'ಎಂಪ್ಲಾಯ್‌ಮೆಂಟ್'ಗಳನ್ನು ಸ್ಪಷ್ಟವಾಗಿ ಬೇರ್ಪಡಿಸಿತು. ತನ್ನ ಇಲ್ಲವೆ ಇತರರ ಬಳಕೆಗಾಗಿ ವಸ್ತುಗಳನ್ನು ಉತ್ಪಾದಿಸುವ ಅಥವಾ ಸೇವೆಗಳನ್ನು ಒದಗಿಸುವ ಚಟುವಟಿಕೆಯೆಲ್ಲವೂ 'ವರ್ಕ್'. ಸಂಬಳಕ್ಕೆ ಅಥವಾ ಲಾಭಕ್ಕೆ ಮಾಡುವುದು ಅದರ ಒಂದು ಬಗೆ ಮಾತ್ರ ಎಂದು ಅದು ನಿರ್ಣಯಿಸಿತು. ಮನೆಯ ಅಡಿಗೆ, ಆರೈಕೆ, ಸ್ವಯಂಸೇವೆ ಇವೆಲ್ಲ ಹೀಗೆ ಆ ಪದದ ಒಳಕ್ಕೆ ಮರಳಿ ಬಂದುವು. ಹೊಸದೆಂದು ತೋರುವ ಈ ನಿರ್ಣಯ 'ವೆಓರ್ಕ್' ಎಂಬ ಪ್ರಾಚೀನ ರೂಪಕ್ಕಿದ್ದ ವಿಸ್ತಾರವನ್ನೇ ಅದರ ಸಂತತಿಗೆ ಹಿಂದಿರುಗಿಸಿದೆ.

ಸಾಹಿತ್ಯದ ವಿದ್ಯಾರ್ಥಿಗಳು ಇದರಿಂದ ಗ್ರಹಿಸಬೇಕಾದ ನಿಯಮಗಳು ಸರಳವಾಗಿವೆ. ಆಯಾಸ ಮುಖ್ಯವಾದಲ್ಲಿ 'ಲೇಬರ್', ಎಡೆಬಿಡದ ಬವಣೆಯಿದ್ದಲ್ಲಿ 'ಟಾಯ್ಲ್', ವಿಧಿಸಿದುದಾದರೆ 'ಟಾಸ್ಕ್', ಸಂಬಳದ ಸ್ಥಾನವಾದರೆ 'ಜಾಬ್', ಒಳಗಿನ ಕರೆಯಾದರೆ 'ವೊಕೇಶನ್'; ಇವೆಲ್ಲವನ್ನೂ ಒಳಗೊಳ್ಳಬಲ್ಲದ್ದು 'ವರ್ಕ್'. 'ಜಾಬ್' ಎಂದು ಹೇಳಬೇಕಾದಲ್ಲಿ 'ವರ್ಕ್' ಎಂದು ಬರೆಯುವುದು ಚಿಕ್ಕ ದೋಷವೆಂದು ತೋರಬಹುದು. ಆದರೆ ಅಂಥ ದೋಷಗಳು ಒಟ್ಟುಗೂಡಿಯೇ ಮನೆಮಂದಿಯ ಅರ್ಧದಷ್ಟು ಜನ ದುಡಿಯದವರೆಂದು ದಾಖಲಾದರು.

ಕಾರ್ಲೈಲನ ಜೋಡಿಪದಗಳಲ್ಲಿ ಎರಡನೆಯದಾದ 'ವರ್ಷಿಪ್' ಎಂಬುದರ ವ್ಯುತ್ಪತ್ತಿಯನ್ನೂ ಇಲ್ಲಿ ಹೇಳಬೇಕು. ಪೂಜೆ ಎಂಬುದು ಅದರ ಬಳಿಕದ ಅರ್ಥ. ಬೆಲೆ ಎಂಬರ್ಥದ 'ವರ್ತ್' ಶಬ್ದಕ್ಕೆ ಭಾವವಾಚಕ ಪ್ರತ್ಯಯ ಸೇರಿ ಅದು ಸಿದ್ಧವಾಯಿತು, ಯೋಗ್ಯತೆ ಎಂಬುದು ಅದರ ಮೊದಲ ಅರ್ಥ. ಈ ಬೆಳಕಿನಲ್ಲಿ ಓದಿದರೆ ಆ ಸಮೀಕರಣಕ್ಕೆ ಇನ್ನೊಂದು ಅರ್ಥವೂ ಹೊಂದುತ್ತದೆ: ಕೆಲಸಕ್ಕೆ ಯೋಗ್ಯತೆ ಸಂಬಳದಿಂದ ಬರತಕ್ಕದ್ದಲ್ಲ, ಕೆಲಸದಲ್ಲಿಯೇ ಇರತಕ್ಕದ್ದು. ಅಂಗಳ ಗುಡಿಸಿದವಳ ಹೆಸರನ್ನು ನೆನಪಿನಲ್ಲಿಟ್ಟುಕೊಂಡ ಭಾಷೆಗೆ ಈ ಅರ್ಥ ಅಪರಿಚಿತವಾಗಬೇಕಾಗಿಲ್ಲ.